ಗಾಳಿಯಲ್ಲಿ ನಿಂತ ಕನ್ನಡಿ

ಬಿಳಿಗೆರೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತೋಟದ ದಾರಿಯ ಕೊನೆಯ ಮನೆಯ ಜಗಲಿಯಲ್ಲಿ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಒದ್ದೆ ಪಂಚೆಯ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ. ರಾಶಿಯ ಮುಂದೆ ಕಾಲು ಚಾಚಿ ಕೂತಿರುವವರು ಮಾದೇವಿ ಸಿದ್ದಿ. ಒಂದೊಂದೇ ಮೊಗ್ಗನ್ನು ಎತ್ತಿ, ಎಡ ಮುಂಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಸಾಲಾಗಿ ಇಡುತ್ತಾರೆ. ಉದ್ದದ ಮೊಗ್ಗು ಮೇಲಕ್ಕೆ, ಗಿಡ್ಡದ್ದು ಕೆಳಕ್ಕೆ. ಕಡುಕಪ್ಪು ತೋಳಿನ ಮೇಲೆ ಬಿಳಿ ಮೊಗ್ಗುಗಳು ಸಾಲುದೀಪ ಹಚ್ಚಿದಂತೆ ಕಾಣುತ್ತವೆ. ಎಳ್ಳಷ್ಟು ವ್ಯತ್ಯಾಸವಿದ್ದರೂ ತಿಳಿದುಬಿಡುತ್ತದೆ. ತೋಳು ತುಂಬಿದ ಮೇಲೆ ಬಲಗೈ ಸೂಜಿಯನ್ನು ಹುಡುಕುತ್ತದೆ.

“ನಮ್ಮತ್ತೆ ಹೇಳ್ಕೊಟ್ಟಿದ್ದು ಇದು,” ಎನ್ನುತ್ತಾರೆ ಮಾದೇವಿ, ತಲೆ ಎತ್ತದೆ. “‘ದೇವ್ರು ನಿಂಗೆ ಹಲಗೇನ ಮೈಮೇಲೇ ಕೊಟ್ಟವ್ನೆ, ಬೇರೆ ಹಲಗೆ ಯಾಕೇ’ ಅನ್ನೋರು. ಬೆಳ್ಳಗಿರೋರು ಈ ಕೆಲ್ಸ ಕಲೀಬೇಕಾದ್ರೆ ಕರೀ ಬಟ್ಟೆ ತಂದು ಹಾಸ್ಕಬೇಕು. ನಂಗೆ ಅದೊಂದು ಖರ್ಚು ಉಳೀತು ನೋಡ್ರಿ.”

ಮಾದೇವಿಯವರು ಮೊಗ್ಗಿನ ಜಡೆ ಕಟ್ಟುತ್ತಾರೆ. ಮದುವೆಯ ಹೆಣ್ಣಿಗೆ, ಸೀಮಂತದ ಬಸುರಿಗೆ, ಹುಟ್ಟುಹಬ್ಬದ ಪುಟ್ಟ ಹುಡುಗಿಗೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಅವರ ಜಡೆ ಹೋಗದ ಊರು ಕಡಿಮೆ. ಇವತ್ತಿನದು ಹುಳಿಯಾರಿನ ಮದುವೆಗೆ. ಏಳು ಗಂಟೆಗೆ ತಿಪಟೂರಿನಿಂದ ಫೋಟೋ ಸ್ಟುಡಿಯೋದ ರುದ್ರೇಶನ ಕಾರು ಬರುತ್ತದೆ, ಅಷ್ಟರೊಳಗೆ ಜಡೆ ಮುಗಿದು ಬಾಳೆಲೆಯಲ್ಲಿ ಸುತ್ತಿರಬೇಕು. ಒಂದು ಜಡೆಗೆ ಹೆಚ್ಚುಕಡಿಮೆ ಎರಡು ಸಾವಿರ ಮೊಗ್ಗು, ಎದ್ದು ಕಾಲಾಡಿಸದೆ ನಾಲ್ಕು ಗಂಟೆ ಕೂರಬೇಕು. ಮಲ್ಲಿಗೆ ಸುರಿಯುವ ಬೇಸಗೆಯಲ್ಲಿ ವಾರಕ್ಕೆ ಐದಾರು ಜಡೆ. ಶ್ರಾವಣ ಬಂದರೆ ಕಾಕಡ, ಕನಕಾಂಬರ, ಮರುಗ. ಯಾವ ಹೂವೂ ಸಿಗದ ದಿನ ಬಿಡುವು.

ಬೇರೆಯವರು ಮೊಗ್ಗನ್ನು ಬಾಳೆಪಟ್ಟೆಯ ಮೇಲೆ ಹೊಲಿಯುತ್ತಾರೆ. ಮಾದೇವಿಯವರದು ಬೇರೆ ದಾರಿ. ತೆಂಗಿನ ಗರಿಯ ಬುಡದಲ್ಲಿ ಮರಕ್ಕೆ ಗೋಣಿಬಟ್ಟೆ ಸುತ್ತಿದ ಹಾಗೆ ಕಂದು ನಾರಿನ ಬಲೆಯೊಂದು ಇರುತ್ತದಲ್ಲ, ಅದನ್ನು ನೆನೆಹಾಕಿ, ಬಡಿದು, ಜಡೆಯ ಅಗಲಕ್ಕೆ ಕತ್ತರಿಸಿಕೊಳ್ಳುತ್ತಾರೆ. ಬಾಳೆಪಟ್ಟೆ ನೀರು ಬಿಟ್ಟು ರೇಷ್ಮೆ ಕುಪ್ಪಸಕ್ಕೆ ಕಲೆ ಮಾಡುತ್ತದೆ. ನಾರು ಹಾಗೆ ಮಾಡುವುದಿಲ್ಲ, ಕತ್ತಿಗೆ ಭಾರವೂ ಆಗುವುದಿಲ್ಲ. ತೆಂಗಿನಲ್ಲಿ ಬಿಸಾಡುವಂಥದ್ದು ಏನೂ ಇಲ್ಲ ಎಂದು ಈ ಸೀಮೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಆದರೂ ಈ ನಾರನ್ನು ಮಾತ್ರ ಎಲ್ಲರೂ ಒಲೆಗೆ ಒಟ್ಟುತ್ತಿದ್ದರು.

“ಅದೂ ನನ್ ಹಂಗೇ ಕಣ್ರೀ. ಮರದಾಗೇ ಇರ್ತದೆ, ಯಾರ ಕಣ್ಣಿಗೂ ಬೀಳಾಕಿಲ್ಲ.”

ಹೀಗೆಂದು ಮಾದೇವಿ ನಗುತ್ತಾರೆ. ದೊಡ್ಡ ನಗು. ಜಗಲಿಯ ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುವಷ್ಟು.

ಅವರ ತವರು ಯಲ್ಲಾಪುರದಾಚೆಯ ಕಿರವತ್ತಿ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನ, ಕಾಡು ಸೇರಿ ಇಲ್ಲಿಯವರೇ ಆಗಿಹೋದ ಸಿದ್ದಿಗಳು ಅಲ್ಲಿದ್ದಾರೆ. ಮಾದೇವಿಯವರ ತಾಯಿ ಸುಬ್ಬಿ ಹೆದ್ದಾರಿಯ ಪಕ್ಕ ಚಹಾದಂಗಡಿ ಇಟ್ಟಿದ್ದರು. ಬಿಳಿಗೆರೆಯ ಭೀಮರಾಜು ಕೊಬ್ಬರಿ ಲಾರಿಯಲ್ಲಿ ಕ್ಲೀನರ್ ಆಗಿ ಗೋವಾದ ಕಡೆ ಹೋಗಿಬರುತ್ತಿದ್ದ ಕಾಲ ಅದು. ಆ ಲಾರಿ ಅದೇ ಚಹಾದಂಗಡಿಯ ಮುಂದೆ ಪದೇಪದೇ ಪಂಕ್ಚರ್ ಆಗತೊಡಗಿತು. ನಾಲ್ಕನೆಯ ಪಂಕ್ಚರಿಗೆ ಸುಬ್ಬಿಯವರಿಗೆ ವಿಷಯ ಗೊತ್ತಾಯಿತು, ಆರನೆಯದಕ್ಕೆ ಲಾರಿಯ ಮಾಲೀಕನಿಗೂ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಭೀಮರಾಜು ಈಗ ನಾರಿನ ಕಾರ್ಖಾನೆಯ ಗಾಡಿ ಓಡಿಸುತ್ತಾರೆ. ಮಗಳು ಮಂಗಳಾ ತಿಪಟೂರಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ.

ಬಿಳಿಗೆರೆಗೆ ಬಂದ ಹೊಸತರಲ್ಲಿ ಮಾದೇವಿ ನೀರಿಗೆ ಹೋದರೆ ಬೀದಿ ಪೂರ್ತಿ ಹೊರಗೆ ಬರುತ್ತಿತ್ತು. ಮಕ್ಕಳು ಕೂದಲು ಮುಟ್ಟಿ ಓಡುತ್ತಿದ್ದರು. ಬಸ್ಸಿನಲ್ಲಿ ಯಾರೋ ಒಬ್ಬರು ಬಹಳ ಯೋಚಿಸಿ, ಇಂಗ್ಲಿಷಿನಲ್ಲಿ, ಯಾವ ದೇಶ ಎಂದು ಕೇಳಿದ್ದರು. “ಯಲ್ಲಾಪುರ ದೇಶ ಸ್ವಾಮಿ, ಸ್ವಲ್ಪ ಸರ್ಕೊಳ್ಳಿ” ಎಂದಿದ್ದರಂತೆ ಮಾದೇವಿ. ಕ್ರಮೇಣ ಊರಿಗೆ ಅವರ ಮುಖ ಹಳತಾಯಿತು. ನೋಡುವುದು ನಿಂತಿತು. ಎಷ್ಟು ನಿಂತಿತೆಂದರೆ, ಅವರು ಎದುರಿಗಿದ್ದಾಗಲೂ ಜನ ನೋಡುವುದನ್ನು ಬಿಟ್ಟರು.

“ಮೊದಮೊದ್ಲು ಎಲ್ರೂ ನೋಡೋರು. ಆಮೇಲೆ ಯಾರೂ ನೋಡ್ಲಿಲ್ಲ. ಎರಡೂ ಒಂದೇ ಕಣ್ರೀ. ಎರಡ್ರಾಗೂ ನಾನಿಲ್ಲ. ಮದ್ವೆ ಮನೇಲಿ ಹೆಣ್ಣಿನ ತಲೆ ಹಿಂದೇನೇ ನಿಂತಿರ್ತೀನಿ, ಬಂದೋರೆಲ್ಲ ‘ಜಡೆ ಎಷ್ಟು ಚೆಂದಾಗೈತೆ, ಯಾರ್ ಕಟ್ಟಿದ್ದು, ಎಲ್ಲಿ ಅವ್ರು’ ಅಂತ ನನ್ ಭುಜದ ಮೇಲಿಂದ ಬಗ್ಗಿ ಬಗ್ಗಿ ಹುಡುಕ್ತಾರೆ.”

ಒಂದು ಛತ್ರದಲ್ಲಿ ಊಟಕ್ಕೆ ಕೂತಾಗ ಪಾಯಸ ಬಡಿಸುವವನು ಮೂರು ಸಲ ಅವರ ಎಲೆಯನ್ನು ದಾಟಿಕೊಂಡು ಹೋದ. ಬೇಕೆಂದಲ್ಲ, ಅಲ್ಲೊಂದು ಎಲೆ ಇದೆ ಎನ್ನುವುದೇ ಅವನಿಗೆ ಹೊಳೆಯಲಿಲ್ಲ. “ನಾಲ್ಕನೇ ಸಲಕ್ಕೆ ಸೌಟು ಹಿಡ್ಕಂಡೆ. ಬೆಚ್ಚಿಬಿದ್ದು ಬಕೀಟಿನ ಅರ್ಧ ಪಾಯಸ ನನ್ ಎಲೆಗೇ ಸುರ್ದ. ಅಕ್ಕಪಕ್ಕದೋರ್ಗೂ ಹಂಚ್ದೆ.” ಕೆಲವು ಮನೆಗಳಲ್ಲಿ ಜಗಲಿಯಲ್ಲೇ ಕೂರಿಸುತ್ತಾರೆ. ಜಡೆ ಮುಡಿಸುವ ಹೊತ್ತಿಗೆ ಒಳಗೆ ಕರೆಯುತ್ತಾರೆ, ಮುಡಿಸಿ ಆದ ಮೇಲೆ ಕರೆದದ್ದು ಮರೆತುಹೋಗುತ್ತದೆ. ಭೀಮರಾಜುವಿನ ಕೇರಿ ಯಾವುದೆಂದು ತಿಳಿದಿದ್ದಕ್ಕೋ ಮಾದೇವಿಯವರ ಬಣ್ಣಕ್ಕೋ ಎಂದು ಕೇಳಿದರೆ ಅವರು ಭುಜ ಕುಣಿಸುತ್ತಾರೆ. “ಎರಡು ಬಾಗ್ಲು ಮುಚ್ಚಿದ್ರೆ ಯಾವ್ದು ಮೊದ್ಲು ಮುಚ್ತು ಅಂತ ಕೇಳಿ ಏನ್ ಮಾಡದು?”

ಹೂವಿನ ಕೆಲಸ ಕಲಿಸಿದವರು ಅತ್ತೆ ಲಕ್ಷ್ಮಕ್ಕ. ತಿಪಟೂರಿನ ಬಸ್ ನಿಲ್ದಾಣದ ಮುಂದೆ ಬುಟ್ಟಿ ಇಟ್ಟುಕೊಂಡು ಹೂವು ಮಾರುತ್ತಿದ್ದ ಅವರು ಸೊಸೆಯನ್ನು ಕಂಡು ಮೊದಲ ವಾರ ಮಾತೇ ಆಡಲಿಲ್ಲ. ಎರಡನೆಯ ವಾರ, “ಕೈ ತೋರ್ಸು” ಎಂದರು. ಬೆರಳುಗಳನ್ನು ಹಿಡಿದು ಮಡಚಿ ನೋಡಿದರು. “ಬೆರಳು ಉದ್ದ ಔವೆ. ಬಾ, ಕೂತ್ಕೋ.” ಅಷ್ಟೇ. ಈಗ ಲಕ್ಷ್ಮಕ್ಕನಿಗೆ ಕಣ್ಣು ಮಂಜು. ಮೊಗ್ಗನ್ನು ಕೆನ್ನೆಗೆ ಒತ್ತಿ, ಇದು ಬೆಳಗಿನದು, ಇದು ನೆನ್ನೆ ಸಂಜೆಯದು ಎಂದು ಹೇಳುತ್ತಾರೆ. ಸೊಸೆಯ ಬಗ್ಗೆ ಕೇಳಿದರೆ, “ಅವಳ್ದು ಒಂದೇ ತೊಂದ್ರೆ. ಚೌಕಾಸಿ ಬರಾಕಿಲ್ಲ” ಎನ್ನುತ್ತಾರೆ.

ಮೊಗ್ಗಿನ ಜಡೆಗೂ ಕನ್ನಡಿಗೂ ಇರುವ ನಂಟು ನಮ್ಮ ಹಳೆಯ ಮನೆಗಳ ಗೋಡೆ ನೋಡಿದವರಿಗೆಲ್ಲ ಗೊತ್ತು. ಜಡೆ ಇರುವುದು ಬೆನ್ನಿಗೆ, ಮುಖ ಇರುವುದು ಮುಂದೆ. ಎರಡೂ ಒಂದೇ ಫೋಟೋದಲ್ಲಿ ಬರಬೇಕಾದರೆ ಹೆಣ್ಣಿನ ಹಿಂದೆ ಒಂದು ದೊಡ್ಡ ಕನ್ನಡಿ ಬೇಕು. ಸ್ಟುಡಿಯೋದಲ್ಲಾದರೆ ಗೋಡೆಗೇ ಇರುತ್ತದೆ. ಮನೆಯಲ್ಲಾದರೆ ಯಾರಾದರೂ ಹಿಡಿಯಬೇಕು. ಕ್ಯಾಮೆರಾ ಕಾಣಬಾರದು, ಜಡೆ ಮಾತ್ರ ನೆತ್ತಿಯಿಂದ ಕುಚ್ಚಿನವರೆಗೆ ಕಾಣಬೇಕು. ಆ ಓರೆ ಮಾದೇವಿಯವರ ಕೈಗೆ ಚೆನ್ನಾಗಿ ಗೊತ್ತು. ಹೀಗಾಗಿ ರುದ್ರೇಶ್ ಹತ್ತಿರಹತ್ತಿರ ಇಪ್ಪತ್ತು ವರ್ಷಗಳಿಂದ ಕನ್ನಡಿಯನ್ನು ಅವರಿಗೇ ಕೊಡುತ್ತಾನೆ. ಕೊಟ್ಟು, ಕ್ಯಾಮೆರಾ ಕಣ್ಣಿಗಿಟ್ಟು, ಪ್ರತಿ ಮನೆಯಲ್ಲೂ ಅದೇ ಮಾತು ಹೇಳುತ್ತಾನೆ: “ಅಕ್ಕ, ಸ್ವಲ್ಪ ಬಗ್ಗು. ತಲೆ ಕಾಣ್ತಾ ಐತೆ.”

ಮಾದೇವಿ ಬಗ್ಗುತ್ತಾರೆ. ಕನ್ನಡಿಯ ಹಿಂದೆ ಮಂಡಿ ಮಡಚಿ, ಉಸಿರು ಹಿಡಿದು. ಫೋಟೋದಲ್ಲಿ ಉಳಿಯುವುದು ಕನ್ನಡಿಯ ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕು ಬೆರಳು. ಅದನ್ನೂ ರುದ್ರೇಶ್ ಕಂಪ್ಯೂಟರಿನಲ್ಲಿ ಒರೆಸಿ ಕನ್ನಡಿಯ ಚೌಕಟ್ಟಿನ ಬಣ್ಣ ತುಂಬಿಬಿಡುತ್ತಾನೆ.

ಮಾದೇವಿಯವರಿಗೆ ಇದು ಕೆಲಸದ ಒಂದು ಭಾಗ, ಅಷ್ಟೇ ಆಗಿತ್ತು. ಕಿರವತ್ತಿಯಿಂದ ತಾಯಿ ಕೇಳುವವರೆಗೆ. ಮಂಡಿನೋವಿನಿಂದ ಸುಬ್ಬಿಯವರು ಇಷ್ಟು ದೂರ ಬರಲಾರರು. ಮೊಮ್ಮಗಳು ಕಳಿಸುವ ಚಿತ್ರಗಳನ್ನು ಪಕ್ಕದ ಮನೆಯವರ ಫೋನಿನಲ್ಲಿ ನೋಡುತ್ತಾರೆ. ಜಡೆ, ಜಡೆ, ಇನ್ನೊಂದು ಜಡೆ. ಒಂದು ದಿನ ತಮ್ಮ ಕೊಂಕಣಿಯಲ್ಲಿ ಮಗಳನ್ನು ತರಾಟೆಗೆ ತೆಗೆದುಕೊಂಡರು: “ಊರವರ ಬೆನ್ನನ್ನೆಲ್ಲ ತೋರಿಸಿದೆ. ನಿನ್ನ ಮುಖ ಎಲ್ಲಿ?” ಮಂಗಳಾ ಕೂಡಲೇ ಜಗಲಿಯಲ್ಲಿ ಕೂತ ತಾಯಿಯ ಚಿತ್ರ ತೆಗೆದು ಕಳಿಸಿದಳು. ಸುಬ್ಬಿಯವರು ಅದನ್ನು ಒಪ್ಪಲಿಲ್ಲ. “ಇದು ನಿಮ್ಮ ಮನೆ. ನಿಮ್ಮ ಮನೆಯಲ್ಲಿ ನೀನಿರುವುದು ನನಗೆ ಗೊತ್ತು. ಅವರ ಮನೆಯ ಫೋಟೋದಲ್ಲಿ ನೀನಿದ್ದೀಯಾ?”

ಮಾದೇವಿ ಆ ರಾತ್ರಿ ಲೆಕ್ಕ ಹಾಕಿ ನೋಡಿದರು. ನೂರಾರು ಮನೆಯ ಆಲ್ಬಮ್ಮು. ಒಂದರಲ್ಲೂ ಇಲ್ಲ.

“ಅವತ್ನಿಂದ ಅದೊಂದು ಮುಳ್ಳು ಸೇರ್ಕಂಡ್ತು,” ಎನ್ನುತ್ತಾರೆ. “ಸಾಯೋದ್ರೊಳಗೆ ನಮ್ಮವ್ವಂಗೆ ಒಂದು ಫೋಟೋ ತೋರಿಸ್ಬೇಕು. ಬೇರೆಯೋರ ಮನೇದು. ಅವ್ರ ಆಲ್ಬಮ್ಮಾಗೆ ಅವ್ರೇ ಇಟ್ಕಂಡಿರೋದು.”

ಅದನ್ನು ಯಾರ ಬಳಿ ಹೇಗೆ ಕೇಳುವುದು ಎಂದು ಅವರಿಗೆ ತಿಳಿಯಲಿಲ್ಲ. ಕೇಳುವ ದಾರಿಯನ್ನು ತೋರಿಸಿದ್ದು ರುದ್ರೇಶನ ಒಂದು ತಪ್ಪು.

ತುರುವೇಕೆರೆಯ ತೆಂಗಿನ ತೋಟದ ಮನೆಯೊಂದರಲ್ಲಿ ಈ ವರ್ಷದ ಮೊದಲಲ್ಲಿ ಒಂದು ಸೀಮಂತ ನಡೆಯಿತು. ಬಸುರಿ ತನುಶ್ರೀ. ಮನೆಯ ಯಜಮಾನಿ ಅವಳ ಅಜ್ಜಿ ಸಿದ್ದಗಂಗಮ್ಮ, ಎಂಬತ್ತರ ಹತ್ತಿರದವರು, ನೆಟ್ಟಗೆ ನಡೆಯುವವರು. ಆ ಮನೆಯಲ್ಲೊಂದು ಪದ್ಧತಿ. ಬಸುರಿಯ ಜಡೆ ತೋರಿಸುವ ಕನ್ನಡಿ ನೆಲಕ್ಕಾಗಲಿ ಗೋಡೆಗಾಗಲಿ ತಾಗಬಾರದು, ಮಕ್ಕಳನ್ನು ಹೆತ್ತವಳ ಕೈಯಲ್ಲೇ ಇರಬೇಕು. ಹಾಗೆ ಹಿಡಿದರೆ ಹೆರಿಗೆ ಸುಸೂತ್ರ ಎಂಬ ನಂಬಿಕೆ. ಮಾದೇವಿ ಹಿಡಿದರು, ಬಗ್ಗಿದರು, ಜಡೆ ಚೆನ್ನಾಗಿ ಬಂತು. ಒಂದು ತಿಂಗಳಿಗೆ ಆಲ್ಬಮ್ಮೂ ಬಂತು.

ಸಿದ್ದಗಂಗಮ್ಮ ಕನ್ನಡಕ ಹಾಕಿಕೊಂಡು ಪುಟ ತಿರುವಿದವರು ಒಂದು ಕಡೆ ನಿಂತುಬಿಟ್ಟರು. ಮೊಮ್ಮಗನನ್ನು ಕೂಗಿದರು.

“ಲೇ ಕಾಂತೇಶ, ಬಾರ್ಲಾ ಇಲ್ಲಿ. ಈ ಕನ್ನಡಿ ಯಾರ್ ಹಿಡ್ದಿರೋದು?”

“ಯಾರೂ ಕಾಣ್ತಿಲ್ವಲ್ಲ ಅಜ್ಜಿ.”

“ಅದೇ ಕಣ್ಲಾ ನಾನ್ ಕೇಳ್ತಿರೋದು. ಯಾರೂ ಇಲ್ದೆ ಅದು ಗಾಳೀಲಿ ಎಂಗ್ ನಿಂತೈತೆ? ದೆವ್ವ ಬಂದು ಹಿಡ್ಕಂಡ್ತಾ?”

ರುದ್ರೇಶ್ ಈ ಸಲ ಕೈ ಸ್ವಲ್ಪ ಜಾಸ್ತಿಯೇ ಓಡಿಸಿದ್ದ. ಬೆರಳು ಒರೆಸಿದ್ದಲ್ಲದೆ ಕನ್ನಡಿಯ ಕೆಳಗೆ ಇಣುಕಿದ್ದ ಸೀರೆಯ ಸೆರಗನ್ನೂ ಒರೆಸಿದ್ದ. ಹೊಟ್ಟೆ ಮುಂದೆ ಮಾಡಿ ನಗುತ್ತಿರುವ ಬಸುರಿಯ ಬೆನ್ನಿಗೆ, ಯಾರ ಆಸರೆಯೂ ಇಲ್ಲದೆ, ಒಂದು ಕನ್ನಡಿ ತೇಲುತ್ತಿತ್ತು. ದಿನ ತುಂಬುತ್ತಿರುವ ಹುಡುಗಿಯ ಫೋಟೋದಲ್ಲಿ ಹೀಗೆ ಆಗಬಹುದೇ? ಮನೆಯಲ್ಲಿ ಗುಲ್ಲೆದ್ದಿತು. ಕಾಂತೇಶ್ ಫೋನು ಮಾಡಿದ. ಎರಡೇ ದಿನದಲ್ಲಿ ರುದ್ರೇಶ್ ಸರಿಮಾಡಿದ ಪುಟ ಹಿಡಿದು ತಾನೇ ಬಂದ. ಕನ್ನಡಿಗೆ ಈಗ ಬೆರಳುಗಳಿದ್ದವು. ಬೆಳ್ಳಗೆ, ನೀಳವಾಗಿ, ಗುಲಾಬಿ ಬಣ್ಣದ ಉಗುರಿನವು.

ಸಿದ್ದಗಂಗಮ್ಮ ಪುಟವನ್ನು ದೂರ ಹಿಡಿದರು, ಹತ್ತಿರ ಹಿಡಿದರು.

“ಇದ್ಯಾವಳೋ ಸಿನಿಮಾದೋಳ ಬೆರಳು! ನಮ್ಮನೆ ಸೀಮಂತಕ್ಕೆ ಇವಳನ್ನ ಕರ್ದೋರ್ಯಾರ್ಲಾ?”

“ಅಜ್ಜಿ, ಬೆರಳು ಬೇಕು ಅಂದ್ರಲ್ಲ...”

“ಬೆರಳು ಬೇಕು ಅಂದೆ. ಯಾವಳ್ದೋ ಬೆರಳು ತಂದು ಅಂಟ್ಸು ಅಂದ್ನಾ? ಇವಳು ಹೆತ್ತವ್ಳೋ ಅಲ್ವೋ, ಯಾರಿಗ್ಗೊತ್ತು? ಮಾದೇವಿ ಬೆರಳು ಏನಾದ್ವು?”

“ಒರೆಸ್ಬುಟ್ಟೆ ಅಜ್ಜಿ. ಎಲ್ಲಾರ್ಗೂ ಹಂಗೇ ಮಾಡ್ಕೊಡೋದು. ಕಪ್ಪು ಬೆರಳು ಕಂಡ್ರೆ ಫೋಟೋ ಕೆಡ್ತದೆ ಅಂತಾರೆ.”

“ಯಾರ್ಲಾ ಅನ್ನೋರು?”

ನಿಜಕ್ಕೂ ಯಾರೂ ಅಂದಿರಲಿಲ್ಲ. ಹಾಗೆ ಅನ್ನುತ್ತಾರೆ ಎಂದು ರುದ್ರೇಶನೇ ಅಂದುಕೊಂಡಿದ್ದ. ಒರೆಸಬೇಡವೆಂದೂ ಯಾರೂ ಹೇಳಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಸಿದ್ದಗಂಗಮ್ಮನವರ ಚಿಂತೆ ಮೊದಲಿಗೆ ಶಕುನದ್ದೇ ಹೊರತು ಮಾದೇವಿಯದಲ್ಲ. ಅದನ್ನು ಅವರೂ ಮುಚ್ಚಿಡುವುದಿಲ್ಲ. ಆ ಮನೆಯಲ್ಲಿ ಮಾದೇವಿ ಜಡೆ ಕಟ್ಟಿದ್ದು ಅದೇ ಮೊದಲೇನಲ್ಲ. ತನುಶ್ರೀಯ ಐದನೆಯ ವರ್ಷದ ಹುಟ್ಟುಹಬ್ಬಕ್ಕೂ ಕಟ್ಟಿದ್ದರು, ಮದುವೆಗೂ ಕಟ್ಟಿದ್ದರು. “ಗೋಡೆ ಮೇಲಿನ ಫೋಟೋ ಎಲ್ಲಾ ಇಳಿಸಿ ನೋಡ್ದೆ ಕಣವ್ವ,” ಎನ್ನುತ್ತಾರೆ ಅಜ್ಜಿ. “ಎರಡ್ರಾಗೂ ಕನ್ನಡಿ ಐತೆ, ಅವಳಿಲ್ಲ. ಇಷ್ಟು ವರ್ಷ ದಿನಾ ದೀಪ ಹಚ್ಚುವಾಗ ಅದ್ನೇ ನೋಡ್ತಿದ್ದೆ. ಕನ್ನಡಿ ಯಾರ್ ಹಿಡ್ದವ್ರೆ ಅಂತ ಒಂದ್ ದಿನಾನೂ ತಲೆಗೆ ಬರ್ಲಿಲ್ಲ ನೋಡು.”

ತನುಶ್ರೀ ಹೆರಿಗೆಗೆಂದು ಅಲ್ಲೇ ಇದ್ದಳು. ಇನ್ನೊಂದು ಸಲ ಜಡೆ ಕಟ್ಟಿಸಿ ಇನ್ನೊಂದು ಫೋಟೋ ತೆಗೆಸುವುದೆಂದು ತೀರ್ಮಾನವಾಯಿತು. ಸಿದ್ದಗಂಗಮ್ಮ ಮಾದೇವಿಗೆ ಫೋನು ಮಾಡಿ, ಬಾ, ಈ ಸಲ ನಿನ್ನ ಬೆರಳು ಹಾಗೇ ಇರಲಿ ಎಂದಿದ್ದೇನೆ ಎಂದರು.

ಮಾದೇವಿ ಆಗ ಹಿತ್ತಲಲ್ಲಿ ನಾರು ಬಡಿಯುತ್ತಿದ್ದರು. ಕೊಡತಿ ಕೆಳಗಿಟ್ಟರು. ಈಗ ಕೇಳದಿದ್ದರೆ ಇನ್ನು ಕೇಳುವುದೇ ಇಲ್ಲ ಅನ್ನಿಸಿತಂತೆ.

“ಬೆರಳಷ್ಟೇ ಬ್ಯಾಡಿ ಅಮ್ಮನೋರೆ. ಮುಖಾನೂ ಬರ್ಲಿ.”

ಲೈನು ಹೋಯಿತೇನೋ ಎಂದು ಮಾದೇವಿ ಫೋನನ್ನು ಅಲ್ಲಾಡಿಸಿ ನೋಡಿದರು.

“ಮುಖ ಯಾಕೇ?” ಎಂದರು ಸಿದ್ದಗಂಗಮ್ಮ.

“ನಮ್ಮವ್ವ ಕೇಳ್ತವ್ಳೆ. ಅವ್ರ ಮನೆ ಫೋಟೋದಾಗೆ ನೀನಿದ್ದೀಯಾ ಅಂತ.”

“ಅವ್ವ ಕೇಳುದ್ಮೇಲೆ ಮುಗೀತು ಬುಡು. ಮಗಳ್ನೂ ಕರ್ಕಂಡು ಬಾ.”

ಆ ದಿನ ಕೆಲಸ ಸುಲಭವಿರಲಿಲ್ಲ. ತನುಶ್ರೀಗೆ ಒಂಬತ್ತು ತುಂಬಿತ್ತು, ಬಹಳ ಹೊತ್ತು ನಿಲ್ಲಲಾರಳು. “ಹೊಟ್ಟೆ ಹೋದ್ಸಲಕ್ಕಿಂತ ದೊಡ್ದಾಗೈತೆ, ಫೋಟೋಗೆ ಇನ್ನೂ ಚೆಂದ” ಎಂದು ಕಾಂತೇಶ್ ತಂಗಿಯನ್ನು ರೇಗಿಸಿ ಅಜ್ಜಿಯಿಂದ ಬೈಸಿಕೊಂಡ. ಜಡೆ ಮುಡಿಸಿದ್ದಾಯಿತು. ಮಾದೇವಿ ಕನ್ನಡಿ ಎತ್ತಿದರು. ಕನ್ನಡಿಯ ಮೇಲಂಚಿನಿಂದ ಅವರ ಮುಖ ಮೇಲಕ್ಕೆ ಕಾಣಬೇಕು, ಕನ್ನಡಿಯೊಳಗೆ ಜಡೆ, ಮುಂದೆ ತನುಶ್ರೀ. ರುದ್ರೇಶ್ ಒಂದು ಫೋಟೋ ತೆಗೆದು ಪರದೆ ನೋಡಿ ತಲೆ ಕೆರೆದುಕೊಂಡ.

“ಹೂವಿಗೆ ಲೈಟ್ ಇಟ್ರೆ ಅಕ್ಕನ ಮುಖ ಬರೀ ಕಪ್ಪಾಗ್ತದೆ. ಅಕ್ಕಂಗೆ ಇಟ್ರೆ ಹೂವು ಸುಣ್ಣದ ಥರ ಬೆಳ್ಳಗಾಗ್ತದೆ.”

“ನಮ್ಮ ಕಾಲೇಜ್ ಗ್ರೂಪ್ ಫೋಟೋದಾಗೂ ಇದೇ ಕಥೆ ಅಣ್ಣ,” ಎಂದಳು ಮಂಗಳಾ. “ನಾನ್ ಯಾವಾಗ್ಲೂ ಟ್ಯೂಬ್‌ಲೈಟ್ ಕೆಳ್ಗೇ ನಿಂತ್ಕಳೋದು. ಇಲ್ಲಾಂದ್ರೆ ಹಲ್ಲು ಮಾತ್ರ ಬರ್ತವೆ. ಲೈಟ್ ನೇರ ಹಾಕ್ಬೇಡಿ, ಯಾವ್ದಾದ್ರೂ ಬಿಳೀ ಬಟ್ಟೆಗೆ ಹೊಡ್ದು ಅಮ್ಮನ ಕಡೆ ತಿರುಗಿಸಿ.”

ಬಿಳೀ ಬಟ್ಟೆ ಎಲ್ಲಿ? ಸಿದ್ದಗಂಗಮ್ಮ ಸುತ್ತ ನೋಡಿದರು. ಅವರ ಕಣ್ಣು ಕಾಂತೇಶನ ಹೊಸ ಪಂಚೆಯ ಮೇಲೆ ನಿಂತಿತು.

“ಬಿಚ್ಲಾ.”

“ಅಜ್ಜಿ!”

“ಒಳಗೆ ಚೆಡ್ಡಿ ಇಲ್ವಾ? ಬಿಚ್ಚು ಬೇಗ, ಹುಡುಗಿ ನಿಂತು ನಿಂತು ಸೋತೋಗ್ತಾಳೆ.”

ಕಾಂತೇಶ್ ಒಳಗೋಡಿ ಪ್ಯಾಂಟು ಸಿಕ್ಕಿಸಿಕೊಂಡು ಬಂದು ತನ್ನ ಪಂಚೆಯನ್ನು ತಾನೇ ಎರಡು ಕೈಯಲ್ಲಿ ಬಿಡಿಸಿ ಹಿಡಿದು ನಿಂತ. ಪಂಚೆಗೆ ಬಿದ್ದ ಬೆಳಕು ಹೊರಳಿ ಮಾದೇವಿಯ ಮುಖಕ್ಕೆ ಬಂತು. ಹಣೆ, ಕೆನ್ನೆಯ ಉಬ್ಬು, ಮೂಗುಬೊಟ್ಟು ಎಲ್ಲವೂ ತೋರಿದವು. “ಬಂತು, ಬಂತು!” ಎಂದು ರುದ್ರೇಶ್ ಕೂಗಿದ. “ಅಕ್ಕ, ಹಂಗೇ ನೆಟ್ಟಗೆ ನಿಂತ್ಕೊ.”

ಕ್ಲಿಕ್.

ಪರದೆಯಲ್ಲಿ ಮುಖವಿಲ್ಲ. ಕನ್ನಡಿ ಇದೆ, ಬೆರಳಿವೆ, ಮಾದೇವಿ ಇಲ್ಲ.

ರುದ್ರೇಶನ ಬೆರಳು ಗುಂಡಿಯ ಮೇಲೆ ಹೋದದ್ದೇ ತಡ, ಅವರ ಮಂಡಿ ತಾನಾಗಿ ಮಡಚಿತ್ತು. ಇಷ್ಟು ವರ್ಷ ಆ ಗುಂಡಿಗೆ ಬಗ್ಗಿದ ಕಾಲು. ರುದ್ರೇಶ್ ಇನ್ನೊಮ್ಮೆ ತೆಗೆದ. ಮಾದೇವಿ ಮತ್ತೆ ಬಗ್ಗಿದರು. ಈ ಸಲ ಬಗ್ಗಬಾರದೆಂದು ಹಲ್ಲು ಕಚ್ಚಿ ನಿಂತರು. ಆ ಫೋಟೋದಲ್ಲಿ ಹಣೆ ಮತ್ತು ಎರಡು ಗಾಬರಿಯ ಕಣ್ಣು ಮಾತ್ರ ಬಂದವು.

“ಬಗ್ಗಬ್ಯಾಡ ಕಣೇ!” ಎಂದು ಸಿದ್ದಗಂಗಮ್ಮ ಕೂಗಿದರು.

“ನಾನ್ ಬಗ್ತಾ ಇಲ್ಲ ಅಮ್ಮನೋರೆ, ಅದೇ ಬಗ್ತದೆ!”

ಮನೆಗೆ ಮನೆಯೇ ನಕ್ಕಿತು. ತನುಶ್ರೀ ಹೊಟ್ಟೆ ಹಿಡಿದುಕೊಂಡು, “ನಗಿಸ್ಬ್ಯಾಡಿ, ಇಲ್ಲೇ ಹೆತ್ಬುಡ್ತೀನಿ” ಎಂದು ಕುರ್ಚಿಗೆ ಒರಗಿದಳು. ನಕ್ಕು ಮುಗಿದ ಮೇಲೆ ನೋಡಿದರೆ ಮಾದೇವಿ ನಗುತ್ತಿರಲಿಲ್ಲ. ಮೊಗ್ಗುಗಳು ಒಂದೊಂದಾಗಿ ಬಾಯಿ ಬಿಡತೊಡಗಿದ್ದವು. ತನುಶ್ರೀ ಸೋತಿದ್ದಾಳೆಂದು ಎಲ್ಲರಿಗೂ ಕಾಣುತ್ತಿತ್ತು. “ಸಾಕು ಬುಡಿ ಅಮ್ಮನೋರೆ, ಬೆರಳು ಬಂದಾವಲ್ಲ,” ಎಂದರು ಮಾದೇವಿ ಮೆಲ್ಲಗೆ.

“ಇನ್ನೊಂದೇ ಒಂದು ಆಂಟಿ,” ಎಂದು ತನುಶ್ರೀ ಎದ್ದು ನಿಂತಳು.

ರುದ್ರೇಶ್ ಕ್ಯಾಮೆರಾ ಎತ್ತಿದ. ಮಾದೇವಿಯ ಮಂಡಿ ಸಡಿಲವಾಗುವುದು ಬಾಗಿಲ ಬಳಿ ನಿಂತಿದ್ದ ಮಂಗಳಾಳ ಕಣ್ಣಿಗೆ ಬಿತ್ತು. ಹೊರಗಿನವರೆದುರು ಅವಳೆಂದೂ ಆಡದ ಭಾಷೆಯೊಂದಿದೆ. ಅಜ್ಜಿಯೊಡನೆ ಫೋನಿನಲ್ಲಿ ಮಾತ್ರ ಆಡುವ ಕೊಂಕಣಿ. ಆ ಮಾತಿನಲ್ಲಿ ಮಂಗಳಾ ಗಟ್ಟಿಯಾಗಿ ಕೂಗಿದಳು: ಆಯಿ, ನೆಟ್ಟಗೆ ನಿಲ್ಲು!

ಮಾದೇವಿ ತಟ್ಟನೆ ತಲೆಯೆತ್ತಿದರು. ಬಾಲ್ಯದಲ್ಲಿ ಚಹಾದಂಗಡಿಯಿಂದ ತಾಯಿ ಕೂಗುತ್ತಿದ್ದ ದನಿಯೇ ಕೇಳಿದಂತಾಯಿತಂತೆ. ಅದೇ ಹೊತ್ತಿಗೆ ರುದ್ರೇಶ್ ಗುಂಡಿ ಒತ್ತಿದ.

ಆ ಫೋಟೋ ಈಗ ತುರುವೇಕೆರೆಯ ಆ ಮನೆಯ ನಡುಮನೆಯಲ್ಲಿದೆ. ದೀಪ ಹಚ್ಚುವ ಕಡೆಯ ಗೋಡೆಗೆ. ಮುಂದೆ ತನುಶ್ರೀ, ನಗು ತಡೆದು ಕೆನ್ನೆ ಉಬ್ಬಿದೆ. ಹಿಂದೆ ಕನ್ನಡಿ, ಅದರೊಳಗೆ ಉದ್ದಕ್ಕೂ ಬಿಳಿ ಜಡೆ, ಅಲ್ಲೊಂದು ಇಲ್ಲೊಂದು ಅರಳಿದ ಹೂವು. ಕನ್ನಡಿಯ ಮೇಲೆ ಮಾದೇವಿಯ ಮುಖ. ಬಾಯಿ ಅರ್ಧ ತೆರೆದಿದೆ, ಯಾರೋ ಹೆಸರು ಹಿಡಿದು ಕರೆದಾಗ ಓಗೊಡಲು ಹೊರಟವರ ಹಾಗೆ. ಅಂಚಿನಲ್ಲಿ ಎಂಟು ಬೆರಳು. ಚಿತ್ರದ ಒಂದು ಮೂಲೆಯಲ್ಲಿ ಕಾಂತೇಶನ ಪಂಚೆಯ ಜರಿ ಅಂಚೂ ಸ್ವಲ್ಪ ಬಂದಿದೆ. ಅದನ್ನು ಒರೆಸಲೇ ಎಂದು ರುದ್ರೇಶ್ ಕೇಳಿದಾಗ ಅಜ್ಜಿ, “ಏನೇನೂ ಒರೆಸ್ಬ್ಯಾಡ. ಇದ್ದೋರೆಲ್ಲ ಇರ್ಲಿ” ಎಂದರಂತೆ. ತನುಶ್ರೀಗೆ ಹೆಣ್ಣು ಮಗು. ಹೆರಿಗೆ ಸುಸೂತ್ರವಾಯಿತು. ಅದರ ಕೀರ್ತಿಯನ್ನು ಕನ್ನಡಿಗೆ ಕೊಡಬೇಕೋ ಡಾಕ್ಟರಿಗೆ ಕೊಡಬೇಕೋ ಎಂಬ ಚರ್ಚೆ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಕಿರವತ್ತಿಗೆ ಫೋಟೋ ಹೋಯಿತು. ಸುಬ್ಬಿಯವರು ಪಕ್ಕದ ಮನೆಯವರ ಫೋನು ಹಿಡಿದು ಬಹಳ ಹೊತ್ತು ನೋಡಿದರು. ಈ ಕಡೆ ಮಾದೇವಿ ಕಾಯುತ್ತಿದ್ದರು. ಹೊಗಳುತ್ತಾರೆ ಎಂದುಕೊಂಡಿದ್ದರು. ಕೊನೆಗೆ ತಾಯಿ ಕೇಳಿದ್ದು ಒಂದೇ ಮಾತು: “ಕನ್ನಡಿ ಅಷ್ಟು ಭಾರವೇ ಮಗಳೇ? ಸ್ವಲ್ಪ ಹೊತ್ತು ಬೇರೆ ಯಾರಾದರೂ ಹಿಡಿಯಬಾರದೇ?”

ಅದನ್ನು ಹೇಳುವಾಗ ಮಾತ್ರ ಮಾದೇವಿಯವರ ಸೂಜಿ ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ಹೊರಡುತ್ತದೆ.

ಜಗಲಿಗೆ ಎಳೆಬಿಸಿಲು ಬಂದಿದೆ. ಜಡೆಯ ತುದಿಗೆ ಕುಚ್ಚು ಕಟ್ಟಿ, ಹಲ್ಲಿನಿಂದ ದಾರ ಕತ್ತರಿಸಿ, ಬಾಳೆಲೆಯಲ್ಲಿ ಸುತ್ತುವಷ್ಟರಲ್ಲಿ ಕಾರಿನ ಹಾರನ್ನು. “ಬತ್ತೀನಿ ಅತ್ತೆ” ಎಂದು ಮಾದೇವಿ ಹೊರಡುತ್ತಾರೆ. ಒಳಗಿನಿಂದ ಲಕ್ಷ್ಮಕ್ಕ, “ಚೌಕಾಸಿ ಮಾಡೇ!” ಎಂದು ಕೂಗುತ್ತಾರೆ.

ಹುಳಿಯಾರಿನ ಛತ್ರದಲ್ಲಿ ಓಲಗದ ಸದ್ದು. ಹೆಣ್ಣಿನ ಕೋಣೆಯಲ್ಲಿ ಜಡೆ ಮುಡಿಸಿ ಮುಗಿದಿದೆ. ಅತ್ತೆ, ಚಿಕ್ಕಮ್ಮ, ಅಕ್ಕತಂಗಿಯರು ಮುತ್ತಿಕೊಂಡಿದ್ದಾರೆ. ಹುಡುಗಿಯ ದೊಡ್ಡಮ್ಮ ಒಬ್ಬರು, “ಜಡೆ ಕಟ್ಟಿದೋರೆಲ್ಲಿ?” ಎಂದು ಮಾದೇವಿಯವರ ಪಕ್ಕದಲ್ಲೇ ನಿಂತು ಬಾಗಿಲ ಕಡೆ ನೋಡುತ್ತಿದ್ದಾರೆ. ಮಾದೇವಿ ಕನ್ನಡಿ ಎತ್ತಿ ಹುಡುಗಿಯ ಹಿಂದೆ ಹೋಗಿ ನಿಲ್ಲುತ್ತಾರೆ. ಓರೆ ಸರಿಮಾಡುತ್ತಾರೆ. ರುದ್ರೇಶ್ ಕ್ಯಾಮೆರಾ ಕಣ್ಣಿಗಿಟ್ಟವನು, ಹಳೆಯ ಅಭ್ಯಾಸ, ಹೇಳಿಯೇಬಿಡುತ್ತಾನೆ:

“ಅಕ್ಕ, ಸ್ವಲ್ಪ ಬಗ್ಗು.”

“ಆಗಾಕಿಲ್ಲ ಕಣಪ್ಪ,” ಎನ್ನುತ್ತಾರೆ ಮಾದೇವಿ. ಕನ್ನಡಿಯ ಮೇಲೆ ಅವರ ಮುಖ ಪೂರ್ತಿ ಕಾಣುತ್ತಿದೆ. “ಬಗ್ಗಬ್ಯಾಡ ಅಂದವ್ರೆ.”

“ಯಾರು, ಡಾಕ್ಟ್ರಾ?”

“ಇಲ್ಲ, ಸಿದ್ದಗಂಗಮ್ಮನೋರು.”

ರುದ್ರೇಶ್ ಕ್ಯಾಮೆರಾ ಇಳಿಸುತ್ತಾನೆ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ವಿನಯದಿಂದ ಕೇಳುತ್ತಾನೆ, “ಅಮ್ಮ, ಒಂದು ಬಿಳೀ ಪಂಚೆ ಸಿಗ್ತದಾ?”